ಬಳ್ಳಾಪುರದ ಕಲ್ಲುಸಕ್ಕರೆ, ಬ್ರಿಗೇಡ್ ರಸ್ತೆಯ ಬೆಣ್ಣೆ

ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕನನ್ ಮೈಸೂರು ಸೀಮೆಯ ಊರೂರು ತಿರುಗಿ ಬೆಳೆ, ಕಸುಬು, ಸಂತೆಗಳ ವಿವರ ಬರೆದುಕೊಂಡ. ಚಿಕ್ಕಬಳ್ಳಾಪುರದ ಕಲ್ಲುಸಕ್ಕರೆ ಚೀನಾದ್ದಕ್ಕೆ ಸರಿಸಾಟಿ ಎಂಬ ಮಾತು ಆ ಬರಹದಲ್ಲಿದೆ. ಟಿಪ್ಪು ಶ್ರೀರಂಗಪಟ್ಟಣದಲ್ಲಿ ಶುರುಮಾಡಿಸಿ ಗುಟ್ಟಾಗಿಟ್ಟಿದ್ದ ವಿದ್ಯೆ ಅದು. ಗುಟ್ಟು ಹೇಗೋ ಬಳ್ಳಾಪುರ ಸೀಮೆ ತಲುಪಿತ್ತು. ಕಬ್ಬು ಬೆಳೆದವರ ಮನೆಯಲ್ಲಿ ಮಾತ್ರ ಹಬ್ಬದ ಪಾಯಸಕ್ಕೂ ಬೆಲ್ಲವೇ.

ದುಬಾರಿ ದಿನಸಿ ಎಂದರೆ ಬೆಂಗಳೂರಿನ ಮಾಲ್‌ಗಳ ಜೊತೆ ಹುಟ್ಟಿದ್ದು ಎಂದುಕೊಳ್ಳುವವರು ಈ ಕಲ್ಲುಸಕ್ಕರೆಯನ್ನು ನೆನೆಯಬೇಕು. ಹೊರಗಿನವರು ಮೆಚ್ಚುವ ಸರಕನ್ನು ಮಾಡುವುದು ಈ ಬಯಲುಸೀಮೆಗೆ ಇನ್ನೂರು ವರ್ಷಗಳ ಹಿಂದೆಯೇ ಗೊತ್ತಿತ್ತು.

ಮರಾಠಾ ನಾಯಕ ಚಿಂತಾಮಣಿರಾಯನ ಹೆಸರು ಹೊತ್ತ ಚಿಂತಾಮಣಿ ಬೆಳೆದದ್ದೇ ವ್ಯಾಪಾರದಿಂದ. ಅಲ್ಲಿನ ಶೆಟ್ಟರ ಅಂಗಡಿಗಳಿಗೆ ಸುತ್ತಲ ಹಳ್ಳಿಗಳೇ ಗಿರಾಕಿ. ಮನೆಯವರು ಬರೆಸಿದ ಚೀಟಿ ಹಿಡಿದು ಗಂಡಸರು ಹೋಗುತ್ತಿದ್ದರು. ಶೆಟ್ಟರು ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಒಳಗಿನ ಹುಡುಗನಿಗೆ ಕೂಗಿ ಹೇಳುತ್ತಿದ್ದರು. ತೊಗರಿಬೇಳೆ, ಹುಣಸೆಹಣ್ಣು, ಮೆಣಸಿನಕಾಯಿ ತಕ್ಕಡಿ ಏರಿ, ಹಳೇ ಪೇಪರಿನ ಪೊಟ್ಟಣವಾಗಿ, ದಾರ ಸುತ್ತಿಸಿಕೊಂಡು ಹೊರಗೆ ಬರುತ್ತಿದ್ದವು. ಕೊಳ್ಳುವವರು ನಿಲ್ಲುವುದು ಹೊರಗೆ, ಸರಕು ಇರುವುದು ಒಳಗೆ. ಹೆಂಡತಿ ಮಕ್ಕಳನ್ನು ಕರೆದುಕೊಂಡು ದಿನಸಿ ಅಂಗಡಿ ನೋಡಲು ಹೋಗುವುದೆಂದರೆ ಯಾರಿಗೂ ಅರ್ಥವಾಗುತ್ತಿರಲಿಲ್ಲ.

ಆ ಅಡ್ಡಗೋಡೆ ಮೊದಲು ಬಿದ್ದದ್ದು ಅಮೆರಿಕದಲ್ಲಿ. 1916ರಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬ ವ್ಯಾಪಾರಿ ಮೆಂಫಿಸ್‌ನಲ್ಲಿ ಪಿಗ್ಲಿ ವಿಗ್ಲಿ ಎಂಬ ಅಂಗಡಿ ತೆರೆದು, ಗಿರಾಕಿಯ ಕೈಗೇ ಬುಟ್ಟಿ ಕೊಟ್ಟು ಒಳಗೆ ಬಿಟ್ಟ. ಬೆಂಗಳೂರಿಗೆ ಆ ಪದ್ಧತಿ ತಂದದ್ದು ಬ್ರಿಗೇಡ್ ರಸ್ತೆಯ ನೀಲಗಿರೀಸ್. ಅದರ ಮೂಲಪುರುಷ ಮುತ್ತುಸ್ವಾಮಿ ಮೊದಲಿಯಾರ್, ಕೊಯಮತ್ತೂರಿನಿಂದ ಊಟಿ, ಕೂನೂರಿನ ಇಂಗ್ಲಿಷರಿಗೆ ಟಪಾಲು ಹೊರುತ್ತಿದ್ದವರು. 1905ರಲ್ಲಿ ಒಬ್ಬ ಇಂಗ್ಲಿಷಿನವನ ಬೆಣ್ಣೆ ವ್ಯಾಪಾರವನ್ನೇ ಕೊಂಡರು. 1936ರಲ್ಲಿ ಅವರ ಮಗ ಚೆನ್ನಿಯಪ್ಪನ್ ಬೆಂಗಳೂರಿಗೆ ಬಂದು ಅಂಗಡಿ ಇಟ್ಟರು. ಬೆಣ್ಣೆ, ಬ್ರೆಡ್ಡು, ಚೀಸು: ಎಲ್ಲವೂ ದಂಡಿನ ಪ್ರದೇಶದ ರುಚಿ. 1971ರ ಹೊತ್ತಿಗೆ ಅದು ಗಿರಾಕಿ ತಾನೇ ಆರಿಸಿಕೊಳ್ಳುವ ಸೂಪರ್‌ಮಾರ್ಕೆಟ್ ಆಯಿತು.

ಆಗ ದಿನಸಿ ತರುವುದು ಮನೆಮಂದಿಯೆಲ್ಲ ಹೊರಡುವ ಕೆಲಸವಾಯಿತು. ಅಮ್ಮಂದಿರು ತಾವೇ ಡಬ್ಬಿ ತಿರುಗಿಸಿ ಬೆಲೆ ನೋಡಿದರು. ಮಕ್ಕಳ ಕೈಗೆ ಎಟಕುವ ಎತ್ತರದಲ್ಲಿ ಬಿಸ್ಕತ್ತು, ಚಾಕಲೇಟು ಬಂದು ಕೂತವು. ಚೀಟಿ ಹಿಡಿಯುವ ಅಧಿಕಾರ ಗಂಡಸರ ಕೈತಪ್ಪಿದ್ದು ಸಣ್ಣ ಬದಲಾವಣೆಯೇನಲ್ಲ. ಇದೇ ನೀಲಗಿರೀಸ್ ಮನೆತನ 1970ರ ದಶಕದಲ್ಲಿ ಶುರುಮಾಡಿದ ಡಿಸೆಂಬರಿನ ಕೇಕ್ ಪ್ರದರ್ಶನಕ್ಕೆ ಇವತ್ತಿಗೂ ಜನ ಸಂಸಾರಸಮೇತ ಸಾಲು ನಿಲ್ಲುತ್ತಾರೆ. ಅಲ್ಲಿ ಅರಮನೆ, ಗೋಪುರಗಳನ್ನು ಕಟ್ಟುವುದು ಸಕ್ಕರೆಯಿಂದಲೇ.

ಈ ನಗರದ ತಟ್ಟೆ ತುಂಬಿಸುವುದರಲ್ಲಿ ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರದ ಪಾಲು ದೊಡ್ಡದು. ಕಳೆದ ಶತಮಾನದ ಆರಂಭದಲ್ಲೇ ಕೋಲಾರದಿಂದ ಈ ಮೂರೂ ಊರು ಹಾದು ನಂದಿಯ ತಪ್ಪಲಿನ ಮೂಲಕ ಬೆಂಗಳೂರಿಗೆ ಪುಟ್ಟ ರೈಲು ಓಡುತ್ತಿತ್ತು. ದ್ರಾಕ್ಷಿ ಬೆಳೆಗಾರರು ದಲ್ಲಾಳಿಗಳ ಹಿಡಿತದಿಂದ ಪಾರಾಗಲೆಂದು ತೋಟಗಾರಿಕೆ ಇಲಾಖೆಯ ಎಂ. ಎಚ್. ಮರಿಗೌಡರು 1959ರಲ್ಲಿ ಸಹಕಾರ ಸಂಘ ಕಟ್ಟಿಸಿದರು; ಅದೇ ಮುಂದೆ ಹಾಪ್‌ಕಾಮ್ಸ್ ಆಯಿತು. ಬ್ರಿಗೇಡ್ ರಸ್ತೆಯ ಗಾಜಿನ ಬಾಗಿಲು ತಳ್ಳಲು ಹಿಂಜರಿದವರಿಗೂ ಬೀದಿ ಬದಿಯ ಹಾಪ್‌ಕಾಮ್ಸ್ ಮಳಿಗೆಯಲ್ಲಿ ಒಳ್ಳೆಯ ಹಣ್ಣು ಸಿಕ್ಕಿತು. ನಮ್ಮ ದಿನಸಿ ಚರಿತ್ರೆಯಲ್ಲಿ ಇದಕ್ಕಿಂತ ಗೌರವದ ಅಧ್ಯಾಯ ಇನ್ನೊಂದಿಲ್ಲ.

ಚಿಕ್ಕಬಳ್ಳಾಪುರ, ಕೋಲಾರದ ಗುಲಾಬಿ ಈರುಳ್ಳಿಯದು ಬೇರೆ ದಾರಿ. ಸ್ಥಳೀಯ ಅಡುಗೆಮನೆಗಳು ಅದನ್ನು ಹೆಚ್ಚಾಗಿ ಬಳಸುವುದಿಲ್ಲ; ಬೆಳೆದ ಬಹುಪಾಲು ಮಲೇಷ್ಯಾ, ಸಿಂಗಾಪುರದ ಕಡೆಗೆ ಹಡಗು ಹತ್ತುತ್ತದೆ. ಆ ಈರುಳ್ಳಿಗೂ ನಂದಿ ಸುತ್ತಿನ ನೀಲಿ ದ್ರಾಕ್ಷಿಗೂ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಎರಡೂ ದಾಖಲಾಗಿರುವುದು ಬೆಂಗಳೂರಿನ ಹೆಸರಿನಲ್ಲಿ. ದುಬಾರಿ ಅಂಗಡಿಗಳ ಕಪಾಟಿನಲ್ಲಿ ಸ್ಪೇನಿನ ಆಲಿವ್ ಎಣ್ಣೆಯ ಬಾಟಲಿ ತನ್ನ ಊರು, ತೋಟ ಎಲ್ಲ ಹೇಳುತ್ತದೆ. ಪಕ್ಕದ ದ್ರಾಕ್ಷಿಯ ಪೆಟ್ಟಿಗೆಯ ಮೇಲೂ ಬೆಳೆದ ತಾಲ್ಲೂಕಿನ ಹೆಸರು ಅಚ್ಚಾಗಬೇಕು.