ಬೆಟ್ಟ ಹತ್ತಲೊಂದು ನೆಪ

ನಂಜನಗೂಡು, ತಿ. ನರಸೀಪುರ ಎರಡೂ ಹೊಳೆಯ ಊರುಗಳು. ಒಂದು ಕಪಿಲೆಯ ದಡದ್ದು, ಇನ್ನೊಂದು ಕಪಿಲೆ ಹೋಗಿ ಕಾವೇರಿಯನ್ನು ಕೂಡುವ ಜಾಗದ್ದು. ಗದ್ದೆ, ಕಾಲುವೆ, ಬಾಳೆತೋಟದ ಈ ಸೀಮೆಯಲ್ಲಿ ಪರ್ವತಾರೋಹಣದ ಮಾತೆತ್ತಿದರೆ ನಗುವವರೇ ಹೆಚ್ಚು. ಆದರೆ ನಂಜನಗೂಡಿನಿಂದ ಉತ್ತರಕ್ಕೆ ಕಣ್ಣು ಹಾಯಿಸಿದರೆ ಚಾಮುಂಡಿ ಬೆಟ್ಟ. ದಕ್ಷಿಣಕ್ಕೆ ಗುಂಡ್ಲುಪೇಟೆ ದಾಟಿದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ನರಸೀಪುರದವರಿಗೆ ತಲಕಾಡಿನ ಪಕ್ಕದಲ್ಲೇ ಮುಡುಕುತೊರೆ, ಕೊಳ್ಳೇಗಾಲದಾಚೆ ಮಾದಪ್ಪನ ಎಪ್ಪತ್ತೇಳು ಮಲೆ. ಬಯಲಿನ ಜನ ಬೆಟ್ಟ ಹತ್ತುತ್ತಲೇ ಬಂದಿದ್ದಾರೆ. ‘ಖುಷಿಗೆ ಹತ್ತಿದೆ’ ಅಂತ ಮಾತ್ರ ಯಾರೂ ಬಾಯಿಬಿಟ್ಟು ಹೇಳಿಲ್ಲ. ಪ್ರತಿ ಸಲವೂ ಒಂದು ನೆಪ ಬೇಕಿತ್ತು.

ಹಳೆಯ ನೆಪ ಹರಕೆಯದು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹದಿನೇಳನೆಯ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರ ಕಾಲದ್ದು; ನಡುದಾರಿಯ ದೊಡ್ಡ ನಂದಿಯೂ ಅವರ ಕಾಲದ್ದೇ. ಇವತ್ತಿಗೂ ನಸುಕಿನಲ್ಲಿ ಹೋದರೆ ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಸಿನ ಕುಂಕುಮ ಇಡುತ್ತಾ ಏರುವ ಹೆಂಗಸರು ಸಿಗುತ್ತಾರೆ. ಸಾವಿರ ಸಲ ಬಗ್ಗಿ ಏಳುವುದೆಂದರೆ ಯಾವ ಪರ್ವತಾರೋಹಿಗೂ ಕಮ್ಮಿಯಿಲ್ಲದ ಕಸರತ್ತು. ಮಾದಪ್ಪನ ಪರಸೆಯವರು ಇನ್ನೂ ಗಟ್ಟಿಗರು. ತಾಳುಬೆಟ್ಟದಿಂದ ಬರಿಗಾಲಲ್ಲಿ ‘ಉಘೇ ಉಘೇ’ ಎನ್ನುತ್ತಾ ಕಾಡಿನ ಏರು ಹತ್ತುವವರಿಗೆ ಅದು ಸೇವೆ, ಸಾಹಸವಲ್ಲ.

ಇದಕ್ಕೆ ತಿರುವುಮುರುವಾದ ಕಥೆ ಯುರೋಪಿನದು. ಇಟಲಿಯ ಕವಿ ಪೆಟ್ರಾರ್ಕ್ 1336ರ ಏಪ್ರಿಲ್ 26ರಂದು ಫ್ರಾನ್ಸಿನ ವೆಂಟೂ ಬೆಟ್ಟ ಹತ್ತಿದ್ದನ್ನು ಒಂದು ಪತ್ರದಲ್ಲಿ ಬರೆದಿದ್ದಾನೆ. ತುದಿಯಿಂದ ಸುತ್ತ ನೋಡುವ ಆಸೆಗೇ ಹೋದವನು ಅವನು. ಮೇಲೆ ಹೋಗಿ ಸಂತ ಅಗಸ್ಟೀನನ ಪುಸ್ತಕ ಬಿಚ್ಚಿದ. ಆತ್ಮವನ್ನು ಮರೆತು ಬೆಟ್ಟ ನೋಡಿ ಬೆರಗಾಗುವ ಮನುಷ್ಯರ ಮಾತು ಕಣ್ಣಿಗೆ ಬಿತ್ತು. ನಾಚಿಕೊಂಡು ಮಾತಿಲ್ಲದೆ ಇಳಿದ. ನಮ್ಮವರಿಗೆ ಈ ಪೇಚಾಟವಿಲ್ಲ. ದೇವರ ಹೆಸರಲ್ಲಿ ಹತ್ತಿದ ಮೇಲೆ ಕಣ್ತುಂಬ ನೋಡಲು ಯಾರಪ್ಪಣೆ ಬೇಕು?

ಯುದ್ಧದ್ದು ಇನ್ನೊಂದು ನೆಪ. ಬಂಡೆಯ ಬೆಟ್ಟಗಳನ್ನೆಲ್ಲ ದುರ್ಗ ಮಾಡಿಕೊಂಡ ನಾಡು ನಮ್ಮದು. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನ ಸಾವನದುರ್ಗಕ್ಕೆ ಲಗ್ಗೆ ಹಾಕಿ ಹಿಡಿಯಿತು. ಯಾರೂ ಹತ್ತಲಾಗದು ಎಂದುಕೊಂಡಿದ್ದ ಬಂಡೆ ಅದು. ಈಗ ಅದೇ ಇಳಿಜಾರಿಗೆ ಬೆಂಗಳೂರಿನ ಹುಡುಗ ಹುಡುಗಿಯರು ಭಾನುವಾರ ಹಗ್ಗ ಹಿಡಿದು ಹೋಗುತ್ತಾರೆ.

ಮೂರನೆಯದು ಅಳತೆಯ ನೆಪ. ನನಗೆ ಎಲ್ಲಕ್ಕಿಂತ ಸ್ವಾರಸ್ಯ ಅನಿಸುವುದು ಇದೇ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಆ ಸೈನ್ಯದಲ್ಲಿದ್ದ ವಿಲಿಯಂ ಲ್ಯಾಂಬ್ಟನ್, ಗೆದ್ದ ನೆಲವನ್ನು ತ್ರಿಕೋನ ಕಟ್ಟಿ ಅಳೆಯುವ ಯೋಜನೆ ಮುಂದಿಟ್ಟ. 1800ರಲ್ಲಿ ಬೆಂಗಳೂರಿನ ಹತ್ತಿರ ಮೊದಲ ಆಧಾರ ರೇಖೆ ಅಳೆದ. ಒಂದು ತುದಿಯಿಂದ ಇನ್ನೊಂದು ತುದಿ ಕಾಣಬೇಕಲ್ಲ, ಬೆಟ್ಟ ಹತ್ತದೆ ಈ ಕೆಲಸ ಸಾಗದು. ಇಂಗ್ಲೆಂಡಿನಿಂದ ಅವನು ತರಿಸಿದ ಥಿಯೋಡೊಲೈಟ್ ಯಂತ್ರ ಸುಮಾರು ಅರ್ಧ ಟನ್ ತೂಕದ್ದು. ದಾರಿಯಲ್ಲಿ ಫ್ರೆಂಚರ ಕೈಗೆ ಸಿಕ್ಕಿ, ಮಾರಿಷಸ್ ನೋಡಿಕೊಂಡು ಮದರಾಸಿಗೆ ಬಂತು. ಅದನ್ನು ಬೆಟ್ಟದ ನೆತ್ತಿಗೆ ಹೊತ್ತವರು ಇಲ್ಲಿನ ಕೂಲಿಯಾಳುಗಳು. ನೆತ್ತಿಯ ಮೇಲೆ ನಿಂತು ಕೊಳವೆಗೆ ಕಣ್ಣಿಟ್ಟವರ ಹೆಸರು ಇತಿಹಾಸದಲ್ಲುಂಟು. ಹೆಗಲು ಕೊಟ್ಟವರದು ಇಲ್ಲ. ಹೀಗೆ ಮೈಸೂರು ಸೀಮೆಯಲ್ಲಿ ಶುರುವಾದ ಅಳತೆಯೇ ಉತ್ತರಕ್ಕೆ ಬೆಳೆದು ಹಿಮಾಲಯ ಮುಟ್ಟಿತು. ಹದಿನೈದನೆಯ ಶಿಖರ ಎಂದಷ್ಟೇ ಗುರುತಿಟ್ಟಿದ್ದ ತುದಿಯ ಎತ್ತರ 29,002 ಅಡಿ ಎಂದು 1856ರಲ್ಲಿ ಪ್ರಕಟವಾಯಿತು. ಲೆಕ್ಕದ ಹಿಂದೆ ರಾಧಾನಾಥ ಸಿಕ್ದಾರರ ತಲೆಯಿತ್ತು. 1865ರಲ್ಲಿ ಅದಕ್ಕೆ ಲ್ಯಾಂಬ್ಟನ್ನನ ಉತ್ತರಾಧಿಕಾರಿ ಜಾರ್ಜ್ ಎವರೆಸ್ಟನ ಹೆಸರಿಟ್ಟರು.

ಆಲ್ಪ್ಸ್‌ನಲ್ಲೂ ಮೊದಲು ವಿಜ್ಞಾನವೇ ನೆಪ. ಮಾಂಟ್ ಬ್ಲಾಂಕ್ ಹತ್ತುವ ದಾರಿ ಹುಡುಕಿದವರಿಗೆ ಬಹುಮಾನ ಎಂದು ಜಿನೀವಾದ ಸೊಸ್ಯೂರ್ 1760ರಲ್ಲಿ ಸಾರಿದ. 1786ರ ಆಗಸ್ಟ್ 8ರಂದು ಹತ್ತಿದವರು ಸ್ಫಟಿಕ ಆಯುತ್ತಿದ್ದ ಬಾಲ್ಮಾ ಮತ್ತು ವೈದ್ಯ ಪಕಾರ್. ವೈದ್ಯನ ಕೈಯಲ್ಲಿ ವಾಯುಭಾರ ಮಾಪಕವಿತ್ತು. ಅದನ್ನೂ ಬದಿಗಿಟ್ಟು ಹತ್ತುವುದಕ್ಕೇ ಹತ್ತುವ ಕಾಲ ಬಂದದ್ದು ತಡವಾಗಿ: 1857ರಲ್ಲಿ ಲಂಡನ್ನಿನಲ್ಲಿ ಆಲ್ಪೈನ್ ಕ್ಲಬ್ ಹುಟ್ಟಿತು, ಎವರೆಸ್ಟಿಗೆ ಹೆಸರಿಟ್ಟ 1865ರಲ್ಲೇ ವಿಂಪರನ ತಂಡ ಮ್ಯಾಟರ್‌ಹಾರ್ನ್ ಹತ್ತಿತು, ಇಳಿಯುವಾಗ ಏಳು ಜನರಲ್ಲಿ ನಾಲ್ವರು ಸತ್ತರು. ಸತ್ತ ಮೇಲೆ ‘ಇದೆಲ್ಲ ಯಾಕಪ್ಪ ಬೇಕು’ ಎಂಬ ಪ್ರಶ್ನೆ ಪತ್ರಿಕೆಗಳಲ್ಲಿ ಎದ್ದಿತು. ನೆಪವಿಲ್ಲದೆ ಹತ್ತಿದವರನ್ನು ಲೋಕ ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ನಮ್ಮ ಕಡೆಯ ಬಿಳಿಯರಿಗೆ ಸೆಕೆಯೇ ನೆಪವಾಯಿತು. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ನೀಲಗಿರಿ ಹತ್ತಿದ ಮೇಲೆ ಊಟಿ ಬೆಳೆಯಿತು. ಮೈಸೂರಿನಿಂದ ಊಟಿಗೆ ಹೋಗುವ ದಾರಿ ನಂಜನಗೂಡಿನ ಮೇಲೇ. 1891ರಲ್ಲಿ ರೈಲೂ ನಂಜನಗೂಡು ಮುಟ್ಟಿತು. ತಂಪು ಹುಡುಕಿ ಹೋಗುವವರನ್ನು ನೋಡಿ ನಮ್ಮ ಜನರಿಗೆ ಏನನಿಸಿತೋ ಯಾರೂ ಬರೆದಿಡಲಿಲ್ಲ.

ಸ್ವಾತಂತ್ರ್ಯದ ನಂತರ ದೇಶವೇ ನೆಪ. ಡೂನ್ ಶಾಲೆಯ ಮೇಷ್ಟ್ರು ಗುರುದಯಾಳ್ ಸಿಂಗ್ 1951ರಲ್ಲಿ ತ್ರಿಶೂಲ್ ಹತ್ತಿದ್ದನ್ನು ಭಾರತೀಯ ಪರ್ವತಾರೋಹಣದ ಆರಂಭ ಎನ್ನುತ್ತಾರೆ. 1953ರಲ್ಲಿ ತೇನ್‌ಸಿಂಗ್, ಮರುವರ್ಷ ಡಾರ್ಜಿಲಿಂಗಿನ ತರಬೇತಿ ಸಂಸ್ಥೆ, 1965ರಲ್ಲಿ ಕೊಹ್ಲಿಯವರ ತಂಡದ ಒಂಬತ್ತು ಮಂದಿ ಎವರೆಸ್ಟಿನ ಮೇಲೆ. ಆಮೇಲೆ ಈ ಗಾಳಿ ಎನ್‌ಸಿಸಿ ಶಿಬಿರಗಳ ಮೂಲಕ ನಮ್ಮ ಕಾಲೇಜುಗಳಿಗೂ ಬೀಸಿತು. ರಾಮನಗರದ ಬಂಡೆಗಳು, ಪಾಂಡವಪುರದ ಕುಂತಿ ಬೆಟ್ಟ ಹಗ್ಗ, ಗಂಟು ಕಲಿಯುವ ಪಾಠಶಾಲೆಗಳಾದವು. ‘ಚಾರಣ’ ಎಂಬ ಮಾತು ಪತ್ರಿಕೆಗಳಲ್ಲಿ ರೂಢಿಯಾಯಿತು. ನನ್ನ ತಾತನ ಕಾಲದಲ್ಲಿ ಅದಕ್ಕೆ ‘ಅಲೆಯೋದು’ ಎಂದು ಹೆಸರಿತ್ತು, ಬೈಗುಳದಂತೆ.

ಮುಡುಕುತೊರೆಯ ಬೆಟ್ಟ ಏನೇನೂ ಎತ್ತರವಲ್ಲ. ತಲಕಾಡಿನ ಪಂಚಲಿಂಗಗಳಲ್ಲಿ ಒಂದಾದ ಮಲ್ಲಿಕಾರ್ಜುನ ಅದರ ತುದಿಯಲ್ಲಿದ್ದಾನೆ. ಕೆಳಗೆ ದನಗಳ ಜಾತ್ರೆ ಕಟ್ಟುತ್ತದೆ. ಹಿಂದೊಮ್ಮೆ ಜಾತ್ರೆಗೆ ಹೋದಾಗ ದೇವಸ್ಥಾನದ ಹಿಂಬದಿಯ ಬಂಡೆಯ ಮೇಲೆ ಒಬ್ಬ ಅಜ್ಜಿ ಕಾಲು ಚಾಚಿ ಕೂತಿತ್ತು. ಎದುರಿಗೆ ಕಾವೇರಿ ಬಳುಕಿ ತಿರುಗುವ ತಿರುವು, ಆಚೆ ತಲಕಾಡಿನ ಮರಳು, ಕೆಳಗೆ ಸಾಲುಸಾಲು ಎತ್ತುಗಳ ನಡುವಿಂದ ಏಳುವ ಧೂಳು. ಪೂಜೆ ಮುಗಿದಿತ್ತು, ಮಡಿಲಲ್ಲಿ ಒಡೆದ ಕಾಯಿ ಇತ್ತು. ನಾನು ಪ್ರದಕ್ಷಿಣೆ ಮುಗಿಸಿ, ಪ್ರಸಾದ ತಿಂದು, ಮಗನಿಗೆ ಚಪ್ಪಲಿ ಹುಡುಕಿ ಕೊಟ್ಟು ಬಂದರೂ ಅಜ್ಜಿ ಹಾಗೇ ಕೂತಿತ್ತು.

‘ಯಾಕಜ್ಜಿ, ಇನ್ನೂ ಇಳಿಯಲಿಲ್ವಾ?’ ಎಂದೆ.

‘ಉಸ್ರು ತಕ್ಕತಾ ಇವ್ನಿ ಕಣ್ ಮಗ’ ಎಂದಿತು, ಹೊಳೆಯ ಮೇಲಿಂದ ಕಣ್ಣು ತೆಗೆಯದೆ.