ಕರ್ಸರಿನ ಕಂಪನವೂ ಕಲ್ಯಾಣದ ವ್ಯಾಖ್ಯಾನಮಾರ್ಗವೂ

ಹುಲಸೂರ ಈಗ ಬೀದರ ಜಿಲ್ಲೆಯ ಹೊಸ ತಾಲ್ಲೂಕುಗಳಲ್ಲೊಂದು. ಬಹುಕಾಲ ಅದು ಬಸವಕಲ್ಯಾಣ ತಾಲ್ಲೂಕಿಗೆ ಸೇರಿದ್ದ ಊರು. ಕಲ್ಯಾಣವೆಂದೊಡನೆ ಅನುಭವಮಂಟಪವೂ ಶರಣರೂ ಸ್ಮರಣೆಗೆ ಬರುವುದು ಸಹಜವೇ ಆದರೂ, ಶರಣರಿಗಿಂತ ಮುಂಚೆ, 1076ರಲ್ಲಿ ಪಟ್ಟವೇರಿದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇದೇ ಕಲ್ಯಾಣದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ರಚಿಸಿದನೆಂಬುದನ್ನೂ, ಆ ವ್ಯಾಖ್ಯಾನವು ಭರತಖಂಡದ ಬಹುಭಾಗದಲ್ಲಿ ದಾಯವಿಭಾಗಕ್ಕೆ ಶತಮಾನಗಳ ಪರ್ಯಂತ ಪ್ರಮಾಣವಾಗಿ ನಿಂತಿತೆಂಬುದನ್ನೂ ಈ ಸೀಮೆಯವರು ಮರೆಯಲಾಗದು. ವ್ಯಾಖ್ಯಾನಕಾರನು ಮೂಲವನ್ನು ಮುಚ್ಚಿಡುವವನಲ್ಲ. ಎಲ್ಲರ ಕಣ್ಣೆದುರಿಗೆ ಅದನ್ನು ಬಿಚ್ಚಿಟ್ಟು, ತೊಡಕಿದ್ದಲ್ಲಿ ಬಿಡಿಸಿ, ವಿರೋಧ ಕಂಡಲ್ಲಿ ಪರಿಹರಿಸಿ, ತನ್ನ ಮಾತಿನ ಮೇಲೆ ಮುಂದಿನವರು ಮಾತನಾಡಲು ಎಡೆಯನ್ನು ಬಿಟ್ಟು ಹೋಗುವವನು. ಮಿತಾಕ್ಷರೆಯ ಮೇಲೆಯೇ ಮುಂದೆ ಸುಬೋಧಿನಿ, ಬಾಲಂಭಟ್ಟೀ ಮೊದಲಾದ ವ್ಯಾಖ್ಯಾನಗಳು ಹುಟ್ಟಿದುದು ಆ ಎಡೆಯಿಂದಲೇ.

ಈ ಹಳೆಯ ಮಾರ್ಗವು ನನ್ನ ಮನಸ್ಸಿಗೆ ಬಂದುದು ಒಂದು ಲ್ಯಾಪ್‌ಟಾಪಿನ ಮುಂದೆ. ಹೋದ ಬೇಸಿಗೆಯಲ್ಲಿ ಹುಲಸೂರಿನ ನಮ್ಮ ಮನೆಯಲ್ಲಿ, ಕಾಲೇಜಿನಲ್ಲಿ ಓದುವ ಅಣ್ಣನ ಮಗ ತನ್ನ ಯಂತ್ರವನ್ನು ನನ್ನೆದುರಿಗಿಟ್ಟು, “ಕಾಕಾ, ಬಾಣ ಒಂದ್ ಕಡಿ ನಿಂದ್ರವಲ್ದು ನೋಡ್ರಿ” ಎಂದನು. ಯಂತ್ರದಲ್ಲಿದ್ದುದು ಲಿನಕ್ಸ್ ಎಂಬ, ಒಳಬರಹವನ್ನು ಎಲ್ಲರಿಗೂ ತೆರೆದಿಟ್ಟ ಕಾರ್ಯಾಚರಣ ವ್ಯವಸ್ಥೆ. ಬೆರಳನ್ನು ಟಚ್‌ಪ್ಯಾಡಿನ ಮೇಲೆ ಮೆಲ್ಲನೆ ಸರಿಸಿದರೆ ಕರ್ಸರು ಎರಡಂಗುಲ ನೆಟ್ಟಗೆ ಹೋಗಿ, ಅಲ್ಲಿಂದ ಥಟ್ಟನೆ ಪರದೆಯ ಮೂಲೆಗೆ ಹಾರುತ್ತಿದ್ದಿತು. ಬೆರಳು ನಿಶ್ಚಲವಾಗಿದ್ದಾಗಲೂ ಅದು ನಡುಗುತ್ತಿದ್ದಿತು. ರಿಪೇರಿಯವರೊಬ್ಬರು ನೋಡಿ, ಪ್ಯಾಡನ್ನೇ ಬದಲಿಸಬೇಕೆಂದು ಹೇಳಿದ್ದರಂತೆ.

ಆ ಪ್ಯಾಡಿನ ಪೂರ್ವಚರಿತ್ರೆ ದೀರ್ಘವಾದುದಲ್ಲ. ಅಮೆರಿಕದ ಜಾರ್ಜ್ ಗೆರ್ಫೈಡ್ ಎಂಬಾತನು 1980ರ ದಶಕದ ಕೊನೆಯಲ್ಲಿ ಬೆರಳಿನ ವಿದ್ಯುದ್ಧಾರಣೆಯನ್ನು ಅಳೆದು ಸ್ಥಾನವನ್ನರಿಯುವ ಫಲಕವನ್ನು ನಿರ್ಮಿಸಿದನು. ಇಂಟೆಲ್ಲಿನ 4004 ಎಂಬ ಆದ್ಯ ಮೈಕ್ರೋಪ್ರೊಸೆಸರಿನ ರಚನೆಯಲ್ಲಿ ಮುಖ್ಯಪಾತ್ರ ವಹಿಸಿದ್ದ ಫೆಡೆರಿಕೊ ಫ್ಯಾಜಿನ್, ವಿದ್ವಾಂಸನಾದ ಕಾರ್ವರ್ ಮೀಡನೊಡಗೂಡಿ 1986ರಲ್ಲಿ ಸ್ಥಾಪಿಸಿದ ಸಿನಾಪ್ಟಿಕ್ಸ್ ಸಂಸ್ಥೆಯೂ ಇದೇ ದಾರಿಯನ್ನು ಹಿಡಿಯಿತು. 1994ರಲ್ಲಿ ಆಪಲ್ಲಿನ ಪವರ್‌ಬುಕ್ 500 ಶ್ರೇಣಿಯು ಇಂಥ ಫಲಕವನ್ನು ಹೊತ್ತು ಬಂದ ಮೇಲೆ ಕರ್ಸರನ್ನು ನಡೆಸುತ್ತಿದ್ದ ಉರುಳುವ ಗುಂಡಿನ (ಟ್ರ್ಯಾಕ್‌ಬಾಲಿನ) ಕಾಲ ಮುಗಿಯುತ್ತ ಬಂದಿತು. ಫಲಕದ ಕೆಳಗೆ, ನಮ್ಮ ಕಣ್ಣಿಗೆ ಬೀಳದಂತೆ, ಅಡ್ಡಕ್ಕೂ ಉದ್ದಕ್ಕೂ ಸೂಕ್ಷ್ಮವಾದ ವಾಹಕರೇಖೆಗಳು ಹೆಣೆದುಕೊಂಡಿರುವುವು; ಬೆರಳು ಸಮೀಪಿಸಿದಾಗ ಆ ರೇಖೆಗಳ ವಿದ್ಯುದ್ಧಾರಣೆ ಅತ್ಯಲ್ಪವಾಗಿ ಬದಲಾಗುವುದು; ಎಲ್ಲಿ ಎಷ್ಟು ಬದಲಾಯಿತೆಂಬುದನ್ನು ತೂಗಿ ನೋಡಿ ಬೆರಳಿನ ಮಧ್ಯಬಿಂದುವನ್ನು ಗಣಿಸುವುದು ಫಲಕದ ಕಾರ್ಯ. ಸಿನಾಪ್ಟಿಕ್ಸಿನ ಹಳೆಯ ಫಲಕಗಳು ಆರಾರು ಬೈಟುಗಳ ವರದಿಯನ್ನು ಸೆಕೆಂಡಿಗೆ 80ರ ವರೆಗೆ ಕಳುಹಿಸುತ್ತಿದ್ದುವು. ಒಂದೇ ಒಂದು ಬೈಟು ನಡುವೆ ಲೋಪವಾದರೆ ಮುಂದಿನ ವರದಿಯ ಅರ್ಥವೆಲ್ಲ ಪಲ್ಲಟವಾಗಿ, ಕರ್ಸರು ದಿಕ್ಕೆಟ್ಟು ಹಾರುವುದು.

1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ತರುಣ ವಿದ್ಯಾರ್ಥಿಯು ಲಿನಕ್ಸಿಗೆ ತಳಹದಿ ಹಾಕಿದಾಗ ಲ್ಯಾಪ್‌ಟಾಪುಗಳಲ್ಲಿ ಟಚ್‌ಪ್ಯಾಡು ಇನ್ನೂ ರೂಢಿಗೆ ಬಂದಿರಲಿಲ್ಲ. ಬಂದ ಮೇಲೆಯೂ ಬಹುದಿನ ಲಿನಕ್ಸು ಅದನ್ನು ಬರಿಯ ಮೌಸೆಂದೇ ಭಾವಿಸುತ್ತಿದ್ದಿತು. ಸಿನಾಪ್ಟಿಕ್ಸ್ ತನ್ನ ಫಲಕದ ಭಾಷೆಯನ್ನು ವಿವರಿಸುವ ಕೈಪಿಡಿಯನ್ನು ಪ್ರಕಟಿಸಿದ್ದುದರಿಂದ, ಸ್ಟೆಫನ್ ಗ್ಮೈನರ್ ಎಂಬಾತನೂ ಅವನ ಬಳಿಕ ಪೀಟರ್ ಓಸ್ಟರ್ಲುಂಡನೂ ಆ ಭಾಷೆಯನ್ನು ಲಿನಕ್ಸಿಗೆ ತಿಳಿಸುವ ಡ್ರೈವರೆಂಬ ತಂತ್ರಾಂಶವನ್ನು ಬರೆದು ಬೆಳೆಸಿದರು. ಇಂಥ ಕೈಪಿಡಿ ದೊರೆಯದ ಫಲಕಗಳ ವಿಷಯದಲ್ಲಿಯಾದರೋ, ಸ್ವಯಂಸೇವಕರು ಬೆರಳನ್ನು ಇಟ್ಟು, ತೆಗೆದು, ಬರುವ ಬೈಟುಗಳನ್ನು ಬರೆದಿಟ್ಟುಕೊಂಡು, ಅರಿಯದ ಲಿಪಿಯ ಶಾಸನವನ್ನು ಓದುವವರಂತೆ ಅದರ ಭಾಷೆಯನ್ನು ಊಹಿಸಬೇಕಾಯಿತು. 2014ರ ಸುಮಾರಿಗೆ ಜೋನಸ್ ಓಡಾಲ್ ಆರಂಭಿಸಿ, ಪೀಟರ್ ಹಟರರ್ ಮುಂದುವರಿಸಿದ ಲಿಬ್‌ಇನ್‌ಪುಟ್ ಎಂಬ ತಂತ್ರಾಂಶಸಂಪುಟವು ಈ ಚದುರಿದ ಅನುಭವವನ್ನೆಲ್ಲ ಒಂದೆಡೆಗೆ ತಂದಿತು. ಎರಡು ವರದಿಗಳ ನಡುವಣ ಕ್ಷಣಾಂಶದಲ್ಲಿ ಬೆರಳು 20 ಮಿಲಿಮೀಟರಿಗಿಂತ ಹೆಚ್ಚು ದೂರ ಸರಿದಂತೆ ತೋರಿದರೆ, ಮನುಷ್ಯನ ಬೆರಳು ಹಾಗೆ ಚಲಿಸಲಾರದೆಂದು ತಿಳಿದು ಅದು ಆ ನೆಗೆತವನ್ನು ತಳ್ಳಿಹಾಕಿ ದಿನಚರಿಯಲ್ಲಿ ಗುರುತುಮಾಡುವುದು. ಬೆರಳು ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ ಎಂದು ಅತಿಶೀಘ್ರವಾಗಿ ನಡುಗಿದಂತೆ ಕಂಡರೆ ಅದನ್ನು ಫಲಕದ ದೋಷವೆಂದರಿತು ಕಂಪನವನ್ನು ಅಡಗಿಸುವುದು. ವಿಚಿತ್ರಸ್ವಭಾವದ ಯಂತ್ರಗಳಿಗಾಗಿ ಪ್ರತ್ಯೇಕ ಟಿಪ್ಪಣಿಗಳ ಕಡತವನ್ನೇ ಇಟ್ಟುಕೊಂಡಿರುವುದು. ಆ ಕಡತದ ಒಂದೊಂದು ಸಾಲಿನ ಹಿಂದೆಯೂ, ಎಲ್ಲಿಯೋ ಒಂದೂರಿನಲ್ಲಿ ಕುಳಿತು ತನ್ನ ಯಂತ್ರದ ಪೀಡೆಯನ್ನು ತಾಳ್ಮೆಯಿಂದ ಪರಿಶೀಲಿಸಿ, ಕಂಡುದನ್ನು ಬಚ್ಚಿಡದೆ ಎಲ್ಲರಿಗೂ ಒಪ್ಪಿಸಿದ ಒಬ್ಬ ಬಳಕೆದಾರನಿರುವನು. ಇದನ್ನು ವ್ಯಾಖ್ಯಾನಪರಂಪರೆಯೆಂದು ಕರೆಯಲು ನನಗೆ ಸಂಕೋಚವಿಲ್ಲ.

ನಾವೂ ಆ ಕ್ರಮವನ್ನೇ ಅನುಸರಿಸಿದೆವು. ಮೊದಲು ಬೆವರಿನ ಕೈಯನ್ನೂ ಫಲಕವನ್ನೂ ಒರಸಿ ನೋಡಿದೆವು, ಪ್ರಯೋಜನವಾಗಲಿಲ್ಲ. ಯಂತ್ರವನ್ನು ಸಮತಲವಾದ ಕಲ್ಲಿನ ಮೇಲಿಟ್ಟು, ಒಳಗಿನ ಬ್ಯಾಟರಿ ಉಬ್ಬಿ ಫಲಕವನ್ನು ಕೆಳಗಿನಿಂದ ನೂಕುತ್ತಿರುವುದೋ ಎಂದು ಪರೀಕ್ಷಿಸಿದೆವು; ಉಬ್ಬಿರಲಿಲ್ಲ. ಉಬ್ಬಿದ್ದರೆ ಅಲ್ಲಿಗೇ ಯಂತ್ರವನ್ನು ಆರಿಸಿ ಬ್ಯಾಟರಿಯನ್ನು ತೆಗೆಸಬೇಕು. ಅದು ಬೆಂಕಿಯ ವಿಷಯ. ಬಳಿಕ ಲಿಬ್‌ಇನ್‌ಪುಟ್ಟಿನ ಡೀಬಗ್-ಈವೆಂಟ್ಸ್ ಎಂಬ ಆಜ್ಞೆಯನ್ನು ಕೊಟ್ಟು ಬೆರಳನ್ನಿಟ್ಟಾಗ ಕಪ್ಪು ಪರದೆಯ ಮೇಲೆ ಸಾಲುಸಾಲಾಗಿ ಅಂಕೆಗಳು ಇಳಿಯತೊಡಗಿದುವು. ಹುಡುಗನು ಬೆರಳನ್ನು ಅಲುಗಿಸದೆ ಉಸಿರು ಬಿಗಿಹಿಡಿದು ಕುಳಿತಿದ್ದರೂ ಅಂಕೆಗಳು ನಿಲ್ಲಲಿಲ್ಲ. ಅಷ್ಟರಲ್ಲಿ ಕರೆಂಟು ಹೋಗಿ, ಚಾರ್ಜರಿಗೆ ಸಿಕ್ಕಿಸಿದ್ದ ಯಂತ್ರವು ಬ್ಯಾಟರಿಯ ಮೇಲೆ ನಡೆಯತೊಡಗಿತು. ಅಂಕೆಗಳು ಅದೇ ಕ್ಷಣದಲ್ಲಿ ನಿಂತವು. ಕರೆಂಟು ಬಂದಾಗ ಮತ್ತೆ ಹರಿದುವು.

ದೋಷವು ಪ್ಯಾಡಿನದೂ ಅಲ್ಲ, ಲಿನಕ್ಸಿನದೂ ಅಲ್ಲವೆಂಬುದು ಅಲ್ಲಿಗೆ ಸ್ಪಷ್ಟವಾಯಿತು. ಚಾರ್ಜರಿನೊಳಗಿನ ವಿದ್ಯುತ್ಪರಿವರ್ತನೆಯಿಂದ ಹುಟ್ಟುವ ಗದ್ದಲಕ್ಕೆ ಮೂರನೆಯ ಪಿನ್ನಿನ ಮೂಲಕ ನೆಲಕ್ಕಿಳಿಯುವ ದಾರಿಯಿರಬೇಕು. ಆ ದಾರಿ ಕಟ್ಟಿಹೋದರೆ ಅದು ಯಂತ್ರದ ಮೈಯೆಲ್ಲವನ್ನೂ ಹೊಕ್ಕು, ಬೆರಳು ತಾಗಿದಾಗ ಫಲಕದ ಸೂಕ್ಷ್ಮಗಣನೆಯನ್ನು ಕೆಡಿಸುವುದು. ನಮ್ಮ ಹುಡುಗನು ಮೂರು ಪಿನ್ನಿನ ಪ್ಲಗ್ಗಿಗೆ ಎರಡು ಪಿನ್ನಿನ ಕನ್ವರ್ಟರನ್ನು ತೊಡಿಸಿದ್ದನು. ಅದನ್ನು ಕಿತ್ತು ನೇರವಾಗಿ ಚುಚ್ಚಿದರೂ ಕಂಪನ ಅರ್ಧ ಮಾತ್ರ ಅಡಗಿತು. ಊರಿನ ವೈರಿಂಗಿನವರನ್ನು ಕರೆಯಿಸಿ ಅಂಗಳದ ಅರ್ಥಿಂಗ್ ಗುಂಡಿಯನ್ನು ತೆಗೆಸಿದೆವು. ಉಪ್ಪು ಇದ್ದಿಲುಗಳನ್ನು ಪದರಪದರವಾಗಿ ತುಂಬಿ ನಡುವೆ ಪೈಪನ್ನು ನಿಲ್ಲಿಸಿದ್ದ ಆ ಗುಂಡಿ, ಬೇಸಿಗೆಯಲ್ಲಿ ಎಷ್ಟೋ ದಿನದಿಂದ ನೀರು ಕಾಣದೆ ಬೂದಿಯಂತೆ ಒಣಗಿಹೋಗಿದ್ದಿತು. ಪೈಪಿಗೆ ಬಿಗಿದ ತಂತಿಯ ನಟ್ಟು ತುಕ್ಕು ಹಿಡಿದು ಸಡಿಲವಾಗಿದ್ದಿತು. ಅವರು ತುಕ್ಕನ್ನು ಕೆರೆದು, ತಂತಿಯನ್ನು ಬಿಗಿದು, ಹೊಸ ಉಪ್ಪು ಇದ್ದಿಲು ತುಂಬಿ, ಎರಡು ಕೊಡ ನೀರು ಹೊಯ್ದರು. ಸಂಜೆಗೆ ಚಾರ್ಜರು ಚುಚ್ಚಿದ್ದಾಗಲೂ ಕರ್ಸರು ಇಟ್ಟಲ್ಲಿ ನಿಂತಿತು.

ಒಂದು ವಿಷಯವನ್ನು ಇಲ್ಲಿ ಹೇಳಲೇಬೇಕು. ನಿಜಾಮರ ಆಳ್ವಿಕೆಯಲ್ಲಿ ಈ ಸೀಮೆಯ ಕಚೇರಿಯ ಭಾಷೆ ಮೊದಲು ಪಾರಸಿಯಾಗಿ, ಬಳಿಕ ಉರ್ದುವಾಗಿ ನಡೆದು, 1948ರ ವಿಲೀನದ ನಂತರ 1956ರ ನವೆಂಬರ್ 1ರಂದು ಬೀದರ ಜಿಲ್ಲೆಯು ವಿಶಾಲ ಮೈಸೂರು ರಾಜ್ಯವನ್ನು ಸೇರಿದ ಮೇಲೆ ಕನ್ನಡವು ಆ ಸ್ಥಾನಕ್ಕೆ ಬಂದಿತು. ತನ್ನ ಹೊಲದ ಕಾಗದವನ್ನು ತಾನೇ ಓದಲಾರದೆ, ಓದಬಲ್ಲವರ ಮನೆಯ ಕಟ್ಟೆಯ ಮೇಲೆ ಕಾದು ಕುಳಿತ ಹಿರಿಯರ ಸ್ಮರಣೆ ಇಲ್ಲಿಯ ಅನೇಕ ಕುಟುಂಬಗಳಲ್ಲಿ ಇನ್ನೂ ಇರುವುದು. ಅಂಥವರ ಮೊಮ್ಮಕ್ಕಳಿಗೆ, ತಮ್ಮ ಯಂತ್ರದ ಒಳಗಣ ಬರಹವು ತೆರೆದಿದೆ, ಅದನ್ನು ಓದಬಹುದು, ತಿದ್ದಬಹುದು ಎಂಬುದು ಸಣ್ಣ ಮಾತಲ್ಲ. ಆದರೆ ಬಾಗಿಲು ತೆರೆದಿದ್ದ ಮಾತ್ರಕ್ಕೆ ಒಳಹೊಕ್ಕಂತಾಗದು. ಕಂಡುದನ್ನು ನಮ್ಮ ಮಾತಿನಲ್ಲಿ ಬರೆದಿಡುವವರು ಬೇಕು.

ಆದುದರಿಂದ ನಮ್ಮ ಕಡೆಯ ವಿದ್ಯಾರ್ಥಿಗಳಲ್ಲಿಯೂ ಉಪಾಧ್ಯಾಯರಲ್ಲಿಯೂ ನನ್ನ ಬಿನ್ನಹವಿಷ್ಟೆ: ಕರ್ಸರು ನೆಗೆದರೆ ಹಣ ತೆತ್ತು ಪ್ಯಾಡನ್ನು ಬದಲಿಸುವ ಮುನ್ನ ಚಾರ್ಜರನ್ನು ಕಿತ್ತು ನೋಡಿರಿ, ಮೂರನೆಯ ಪಿನ್ನನ್ನು ನೋಡಿರಿ, ಅಂಗಳದ ಗುಂಡಿಗೆ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಎರಡು ಕೊಡ ನೀರು ಹೊಯ್ಯಿರಿ, ಕಾರಣವು ತಿಳಿದ ದಿನ ಅದನ್ನು ದಿನಾಂಕದೊಡನೆ, ಯಂತ್ರದ ಹೆಸರಿನೊಡನೆ, ಕನ್ನಡದಲ್ಲಿ ನಾಲ್ಕು ಸಾಲು ಬರೆದು ಹತ್ತು ಜನಕ್ಕೆ ತಿಳಿಸಿರಿ. ಅಣ್ಣನ ಮಗನು ತನ್ನ ನಾಲ್ಕು ಸಾಲನ್ನು ಆ ರಾತ್ರಿಯೇ ಬರೆದನು.