ಗಟ್ಟಿ ಕೊಬ್ಬಿನ ಮನೆಸಾಬೂನು: ದೋಷಗಳು ಮತ್ತು ಪರಿಹಾರ

ಸಾಮಾನ್ಯ ಉಷ್ಣತೆಯಲ್ಲಿ ಹೆಪ್ಪುಗಟ್ಟುವ ಕೊಬ್ಬನ್ನು ಕಾಸ್ಟಿಕ್ ಸೋಡಾ ದ್ರಾವಣದೊಡನೆ ಬೆರೆಸಿ ಮನೆಯಲ್ಲಿ ತಯಾರಿಸುವ ಸಾಬೂನು. ಬಯಲುಸೀಮೆಯ ಹಿಪ್ಪೆ, ಪಶ್ಚಿಮ ಘಟ್ಟದ ಮುರುಗಲು ಮತ್ತು ಧೂಪದ ಬೀಜಗಳ ಕೊಬ್ಬು ಕರ್ನಾಟಕದ ಪ್ರಮುಖ ಮೂಲಗಳು. ಇವುಗಳಲ್ಲಿನ ಸ್ಟಿಯರಿಕ್, ಪಾಮಿಟಿಕ್ ಆಮ್ಲಗಳಿಂದ ಬಿಲ್ಲೆ ಗಡುಸಾಗುತ್ತದೆ, ನೊರೆ ಕಡಿಮೆ.

ಮುಖ್ಯ ದೋಷ ಹುಸಿ ಗಟ್ಟಿತನ. ಮುರುಗಲು ಕೊಬ್ಬು ಸುಮಾರು 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಮಿಶ್ರಣ ಅದಕ್ಕಿಂತ ತಣಿದರೆ ಸಾಬೂನಾಗುವ ಮೊದಲೇ ಕೊಬ್ಬು ಮರಳಿ ಹೆಪ್ಪುಗಟ್ಟಿ, ಪಾಕ ಹದಕ್ಕೆ ಬಂದಂತೆ ಕಾಣುತ್ತದೆ. ಅಚ್ಚಿಗೆ ಸುರಿದ ಮೇಲೆ ಕ್ಷಾರ ಬೇರ್ಪಡುತ್ತದೆ, ಬಿಳಿ ಚುಕ್ಕೆಗಳು ಮೂಡುತ್ತವೆ. ಮೆಲ್ಲಗೆ ಮರುಕಾಯಿಸಿ ಕಲಕುವುದೇ ಪರಿಹಾರ. ಅತಿಯಾದ ಶಾಖ ಬಿರುಕಿಗೆ ಕಾರಣ. ಪುಡಿಯಾಗುವ, ಚರ್ಮ ಉರಿಸುವ ಬಿಲ್ಲೆಯಲ್ಲಿ ಸಾಮಾನ್ಯವಾಗಿ ಕ್ಷಾರ ಹೆಚ್ಚಿರುತ್ತದೆ: 1 ಕೆ.ಜಿ. ತೆಂಗಿನೆಣ್ಣೆಗೆ ಸುಮಾರು 183 ಗ್ರಾಂ ಸೋಡಾ ಬೇಕಾದರೆ ಮುರುಗಲು ಕೊಬ್ಬಿಗೆ 135 ಗ್ರಾಂ ಆಸುಪಾಸು ಸಾಕು. ಲೆಕ್ಕ ಬದಲಿಸದೆ ಕೊಬ್ಬು ಬದಲಿಸುವುದು ಅಪಾಯಕರ. ಅಲ್ಯೂಮಿನಿಯಂ ಪಾತ್ರೆ ನಿಷಿದ್ಧ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗದ ಗಸಿಯಾಗುವುದರಿಂದ ಶುದ್ಧ ಮಳೆನೀರು ಮೇಲು. ಬಿಲ್ಲೆಗಳನ್ನು 4–6 ವಾರ ಒಣಗಿಸುತ್ತಾರೆ.

ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಕಾಡುಗಳಲ್ಲಿ ಸೋಲಿಗರು ಸಂಗ್ರಹಿಸುವ ಸೀಗೆ, ಅಂಟುವಾಳಗಳದು ಬೇರೆ ರಸಾಯನ: ಅವುಗಳ ನೊರೆ ಸ್ಯಾಪೋನಿನ್‌ನದು, ಕೊಬ್ಬು–ಕ್ಷಾರದ್ದಲ್ಲ. ಕೊಳ್ಳೇಗಾಲ ಹೆಸರಾಗಿರುವ ರೇಷ್ಮೆಯಲ್ಲಿ ಸಾಬೂನಿಗೆ ಇನ್ನೊಂದು ಕೆಲಸವಿದೆ. ನೂಲಿನ ಸೆರಿಸಿನ್ ಅಂಟನ್ನು ಬಿಸಿ ಸಾಬೂನುನೀರು ಕರಗಿಸುತ್ತದೆ. ಉಳಿಕೆ ಕ್ಷಾರ ಎಳೆಯನ್ನೇ ತಿನ್ನುವುದರಿಂದ ದೋಷಯುಕ್ತ ಮನೆಸಾಬೂನು ಇದಕ್ಕೆ ಸಲ್ಲದು.